ಮಲ್ಲಿಕಾಂಬನವರ ತಗಡಿನ ರೈಲು

ಅಜ್ಜಂಪುರದಲ್ಲಿ ದಸರಾ ಗೊಂಬೆ ನೋಡಲು ಹೊರಟವರು ಒಂದೇ ರೈಲನ್ನು ಎರಡು ಮನೆಯಲ್ಲಿ ನೋಡಬೇಕಿತ್ತು. ಇಂಜಿನ್ನು ಈರಣ್ಣನವರ ಮನೆಯಲ್ಲಿ, ಮೂರು ಬೋಗಿ ಅದೇ ಬೀದಿಯ ತಮ್ಮ ಬಸವರಾಜನ ಮನೆಯಲ್ಲಿ. ಎಪ್ಪತ್ನಾಲ್ಕನೇ ಇಸವಿಯಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಹೊಲ, ತೆಂಗಿನ ತೋಟ, ಹಂಡೆಗಳ ಜೊತೆಗೆ, ಅಪ್ಪ ಮದರಾಸಿನಿಂದ ತಂದಿದ್ದ ಕೀ ಕೊಟ್ಟರೆ ಓಡುವ ಆಟದ ರೈಲನ್ನೂ ಹಂಚಿಬಿಟ್ಟಿದ್ದರು. ಹಂಚಿದ ಹಿರಿಯರು ಎಲೆಅಡಿಕೆ ಹಾಕಿಕೊಂಡು ಎದ್ದು ಹೋದರು. ಎಂಥ ನ್ಯಾಯವೋ ಅವರದು!

ಬಸವರಾಜನ ಹೆಂಡತಿ ಮಲ್ಲಿಕಾಂಬನವರನ್ನು ಕೊರೆಯುತ್ತಿದ್ದುದು ರೈಲಲ್ಲ, ಓರಗಿತ್ತಿ ಸುಲೋಚನಮ್ಮ. ಒಂಬತ್ತು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದ ಅಕ್ಕ, ಪಾಲಾದ ಮೇಲೆ ಒಂದು ದಸರಾಕ್ಕೂ ಇವರ ಹೊಸಿಲು ತುಳಿದಿರಲಿಲ್ಲ. ಗಂಡಸರು ಸಂತೆಯಲ್ಲಿ ಸಿಕ್ಕಾಗ ಮಾತಾಡುತ್ತಿದ್ದರು. ಹೆಂಗಸರ ಮಾತು ನಿಂತೇ ಹೋಗಿತ್ತು.

ವರ್ಷಕ್ಕೊಂದಾದರೂ ಹೊಸ ಗೊಂಬೆ ಕೂರಿಸಬೇಕೆಂಬುದು ಪದ್ಧತಿ. ಎಂಬತ್ಮೂರರಲ್ಲಿ ಮಲ್ಲಿಕಾಂಬನವರು ಬೋಗಿಗಳನ್ನು ಚೀಲಕ್ಕೆ ಹಾಕಿಕೊಂಡು ಬೀರೂರಿಗೆ ಹೋಗಿ, ತಗಡಿನ ಕೆಲಸದ ಮುದ್ದಪ್ಪನ ಅಂಗಡಿಯಲ್ಲಿ ಕೂತರು.

"ಇಂಥದ್ದೇ ಇನ್ನೊಂದು ರೈಲು ಮಾಡ್ಕೊಡಪ್ಪಾ. ಇಂಜಿನ್ನೂ ಬೇಕು, ಬೋಗೀನೂ ಬೇಕು."

"ಬೋಗಿ ಇದಾವಲ್ಲವ್ವಾ?"

"ಇರ್ಲಿ, ಅವೂ ಮಾಡು."

"ಇಂಜಿನ್ ನೋಡ್ದೆ ಹೆಂಗ್ ಮಾಡ್ಲಿ?"

"ನಾನು ಹೇಳ್ತೀನಿ."

ಒಂಬತ್ತು ದಸರಾ ಅದನ್ನು ಒರೆಸಿ ಇಟ್ಟವರು ಅವರೇ ತಾನೆ. ಹೊಗೆ ಕೊಳವೆ ಹೆಬ್ಬೆರಳಿನಷ್ಟುದ್ದ, ನಡುವಿನ ಚಕ್ರ ತುಸು ದೊಡ್ಡದು, ಚಾವಣಿಯ ಮೂಲೆಯಲ್ಲಿ ಬಿದ್ದು ಆದ ನೆಗ್ಗು, ಒಂದನ್ನೂ ಬಿಡದೆ ಹೇಳಿದರು. ಮುದ್ದಪ್ಪ ಬಿಸ್ಕತ್ತಿನ ಡಬ್ಬದ ತಗಡು ಕತ್ತರಿಸಿ, ಬೆಸುಗೆ ಹಾಕಿ, ಹಸಿರು ಬಳಿದ. ನೆಗ್ಗನ್ನೂ ಸುತ್ತಿಗೆಯಲ್ಲಿ ತಟ್ಟಿ ತಂದ. ಕೀ ಮಾತ್ರ ಅವನ ಕೈಲಾಗಲಿಲ್ಲ. ದಾರ ಕಟ್ಟಿ ಎಳೆಯಬೇಕು. ಆದರೂ ಆಕೆಯ ನೆನಪಿಗೆ, ಅವನ ಕೈಗೆ ಶಹಬ್ಬಾಸ್ ಅನ್ನಲೇಬೇಕು.

ಹೊಸ ರೈಲು ಕೂರಿಸಿದ ಸುದ್ದಿ ಬೀದಿಗೆಲ್ಲ ಹರಡಿ, ಹಬ್ಬದ ಐದನೇ ದಿನ ಸುಲೋಚನಮ್ಮ ಬಂದರು. ಸಿಟ್ಟಿನಿಂದಲೇ ಬಂದಿದ್ದಾರೆಂದು ಮುಖವೇ ಹೇಳುತ್ತಿತ್ತು.

"ನಮ್ ಇಂಜಿನ್ ಬ್ಯಾಡಾಯ್ತೇನೇ ನಿಂಗೆ?" ನಿಂತೇ ಕೇಳಿದರು.

ಮಲ್ಲಿಕಾಂಬನವರು ಅರಿಸಿನ ಕುಂಕುಮ ಕೊಟ್ಟು, ತಾಂಬೂಲದ ತಟ್ಟೆ ಮುಂದೆ ಹಿಡಿದರು. ತೆಂಗಿನಕಾಯಿ, ರವಿಕೆ ಕಣದ ಪಕ್ಕದಲ್ಲಿ ಮೂರೂ ಹಳೇ ಬೋಗಿ.

"ಅಸಲು ರೈಲು ನಿಮ್ಮನೇಲೇ ಪೂರ್ತಿ ಇರ್ಲಿ ಅಕ್ಕಾ. ಕೀ ಕೊಟ್ರೆ ಓಡೋದು ಅದೇ. ನಾವು ದಾರ ಎಳ್ಕೋತೀವಿ."

ಸುಲೋಚನಮ್ಮ ಗೊಂಬೆ ಮೆಟ್ಟಿಲಿನಿಂದ ಹೊಸ ಇಂಜಿನ್ ಎತ್ತಿಕೊಂಡು ತಿರುಗಿಸಿದರು. ಬೆರಳು ಚಾವಣಿಯ ಮೂಲೆಗೆ ಬಂದು ನಿಂತಿತು.

"ಇದನ್ನೂ ಮಾಡ್ಸಿದೀಯಲ್ಲೇ ಮಲ್ಲೀ!"

"ಅದಿಲ್ದಿದ್ರೆ ನಮ್ ರೈಲು ಅನ್ನಿಸ್ತಿರ್ಲಿಲ್ಲ ಅಕ್ಕಾ."

"ಅವತ್ತು ಬೀಳ್ಸಿದ್ದು ನಾನು. ಅತ್ತೆ ಕೈಲಿ ಬೈಸ್ಕೊಂಡಿದ್ದು ನೀನು. ಒಂದಿನಾನೂ ಬಾಯಿ ಬಿಡ್ಲಿಲ್ಲ."

ತಟ್ಟೆ ತೆಗೆದುಕೊಂಡು ಹೊರಡಬೇಕಾದವರು ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡು, ಹಿಂದೆ ಒಂದೇ ಮನೆಯಲ್ಲಿದ್ದಾಗಿನ ದನಿಯಲ್ಲೇ ಹೇಳಿದರು:

"ನೋಡ್ತಾ ನಿಂತಿದೀಯಲ್ಲ, ಹೋಗಿ ಕಾಪಿ ಇಡೇ."