ಪಿಂಕಿಗೆ ಮುದ್ದಯ್ಯ ಹೊಲಿದ ಎದೆಪಟ್ಟಿ

ತುಮಕೂರಿನ ಜನರ ಬಗ್ಗೆ ಮುದ್ದಯ್ಯನ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದನ್ನು ಕೇಳಿದವರಿಲ್ಲ. ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಮೂವತ್ತೊಂದು ವರ್ಷ ಜೀನು, ಲಗಾಮು ಹೊಲಿದು ನಿವೃತ್ತನಾದ ಮೇಲೆ, ಹೆಂಡತಿ ರೇವಮ್ಮನ ತವರಿನವರು ಬಿಟ್ಟುಕೊಟ್ಟ ಎರಡು ಕೋಣೆಯ ಮನೆ ಇದೆಯೆಂದು ತುಮಕೂರಿನ ಉಪ್ಪಾರಹಳ್ಳಿ ಬಡಾವಣೆಗೆ ಬಂದವನು ಅವನು. ತೊಂಬತ್ತೇಳರಲ್ಲಿ, ರೈಲ್ವೆ ಗೇಟಿಗೆ ಹೋಗುವ ದಾರಿಯ ಹೊಂಗೆ ಮರದ ಕೆಳಗೆ ಒಂದು ತಗಡಿನ ಅಂಗಡಿ ಇಟ್ಟ. ಬೋರ್ಡಿನಲ್ಲಿ ‘ಬೆಲ್ಟು, ಬ್ಯಾಗು, ಜೀನು ರಿಪೇರಿ’ ಎಂದು ಬರೆಸಿದ. ಇಡೀ ಉಪ್ಪಾರಹಳ್ಳಿಯಲ್ಲಿ ಜೀನು ಹಾಕಿಸಿಕೊಳ್ಳುವಂಥ ಒಂದೇ ಒಂದು ಪ್ರಾಣಿ ಇರಲಿಲ್ಲ. ಯಾರಾದರೂ ಅದನ್ನು ಎತ್ತಿ ಆಡಿದರೆ, ಅದು ಊರಿನ ದರಿದ್ರವೇ ಹೊರತು ಬೋರ್ಡಿನ ತಪ್ಪಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದ.

ಬರುತ್ತಿದ್ದದ್ದೆಲ್ಲ ಜಿಪ್ಪು ಕಿತ್ತ ಸ್ಕೂಲ್ ಬ್ಯಾಗು, ಬಾರು ಹರಿದ ಚಪ್ಪಲಿ. ರೇಸಿಗೆ ಹೋಗುವ ಕುದುರೆಗಳ ಮೈ ಮುಟ್ಟಿದ ಕೈಯಿಂದ ಅವರಿವರ ಮಕ್ಕಳ ಬ್ಯಾಗಿನ ಒಣ ಚಿತ್ರಾನ್ನ ಕೊಡವಬೇಕಲ್ಲ ಎಂದು ಅವನಿಗೆ ಮೈಯೆಲ್ಲ ಉರಿ. ದಬ್ಬಳ ಚುಚ್ಚುವಾಗಲೆಲ್ಲ ಆ ಬ್ಯಾಗಿನ ಅಪ್ಪನನ್ನೇ ಚುಚ್ಚಿದ ಹಾಗೆ ಚುಚ್ಚುತ್ತಿದ್ದ. ಆದರೂ ಹೊಲಿಗೆ ಮಾತ್ರ ಗಟ್ಟಿ. ಅಷ್ಟನ್ನು ಅವನ ಶತ್ರುಗಳೂ ಒಪ್ಪುತ್ತಿದ್ದರು, ಮತ್ತು ಅವರ ಸಂಖ್ಯೆ ಸಣ್ಣದಲ್ಲ.

ಆ ವರ್ಷಗಳಲ್ಲೇ ಬಡಾವಣೆಗೆ ಪಮೇರಿಯನ್ ನಾಯಿಯ ಹುಚ್ಚು ಹತ್ತಿತು. ಮನೆಗೆ ಕಾಂಪೌಂಡು ಕಟ್ಟಿಸಿದವರೆಲ್ಲ ಒಂದೊಂದು ಬಿಳಿ ನಾಯಿ ತಂದರು. ಸಿಮೆಂಟ್ ಅಂಗಡಿಯ ರೇಣುಕಾಪ್ರಸಾದ್, ನಾಲ್ಕು ಕೆಜಿಯ ನಾಯಿಗೆ ಎಮ್ಮೆ ಕಟ್ಟುವ ಕಬ್ಬಿಣದ ಸರಪಳಿ ಹಾಕಿ, ಸಂಜೆ ಹೊತ್ತು ದರ್ಬಾರು ಹೊರಟವನಂತೆ ಹೊರಡುತ್ತಿದ್ದ. ಸರಪಳಿಯ ಭಾರಕ್ಕೆ ನಾಯಿಯ ತಲೆ ನೆಲ ನೋಡುತ್ತಿತ್ತು. ಇನ್ನೊಬ್ಬರು ಹಸುವಿನ ಹಗ್ಗ, ಮತ್ತೊಬ್ಬರು ಕತ್ತು ಕುಯ್ಯುವಂಥ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಗೆಜ್ಜೆ ಬೇರೆ. ನಾಯಿ ಕೆಮ್ಮುತ್ತಾ ಹೋದರೂ ಗೆಜ್ಜೆಯ ಸದ್ದಿಗೆ ಖುಷಿಪಡುವ ಈ ಜನರನ್ನು ಮುದ್ದಯ್ಯ ಅಂಗಡಿಯಲ್ಲಿ ಕೂತೇ ಬೈದುಕೊಳ್ಳುತ್ತಿದ್ದ. ಅವನ ಸಿಟ್ಟಿನಲ್ಲಿ ನ್ಯಾಯವಿತ್ತು, ನಿಜ. ಆದರೆ ನಾಯಿಯ ಮೇಲಿನ ಕನಿಕರಕ್ಕಿಂತ ಜನರ ಮೇಲಿನ ತಾತ್ಸಾರವೇ ಅದರಲ್ಲಿ ಮುಕ್ಕಾಲು ಪಾಲು.

ಹೊಂಬಾಳಮ್ಮ ಅವನಲ್ಲಿಗೆ ಬಂದದ್ದು ತೊಂಬತ್ತೊಂಬತ್ತರ ಶ್ರಾವಣದಲ್ಲಿ. ಅಮೃತೂರಿನಲ್ಲಿ ಮಕ್ಕಳಿಗೆ ಕಾಗುಣಿತ ಕಲಿಸಿ ನಿವೃತ್ತರಾಗಿ, ಉಪ್ಪಾರಹಳ್ಳಿಯ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಒಂಟಿ ಹೆಂಗಸು. ಕಂಕುಳಲ್ಲಿ ಪಿಂಕಿ ಎಂಬ ಪಮೇರಿಯನ್. ಅದರ ಕೆಮ್ಮು ಕೇಳಿದರೆ ಗಂಟಲಲ್ಲಿ ಮೂಳೆ ಸಿಕ್ಕಿದೆಯೇನೋ ಅನ್ನಿಸುತ್ತಿತ್ತು. ವರ್ಷಗಟ್ಟಲೆ ಕತ್ತಿನ ಬೆಲ್ಟು ಜಗ್ಗಿ ಜಗ್ಗಿ ಶ್ವಾಸನಾಳ ಕುಗ್ಗಿದೆ, ಇನ್ನೊಮ್ಮೆ ಕತ್ತಿಗೆ ಜೋರಾಗಿ ಎಳೆತ ಬಿದ್ದರೆ ಉಳಿಯುವುದಿಲ್ಲ, ರಸ್ತೆಗೆ ಇಳಿಸುವುದಾದರೆ ಎದೆಗೆ ಹಾಕುವ ಪಟ್ಟಿಯಲ್ಲೇ ಇಳಿಸಬೇಕು ಎಂದು ದನದ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಮನೆಯೊಳಗೇ ಇಟ್ಟುಕೊಳ್ಳೋಣವೆಂದರೆ ಪಿಂಕಿ ಒಳಗೆ ಒಂದು ತೊಟ್ಟು ಉಚ್ಚೆಯನ್ನೂ ಮಾಡುವುದಿಲ್ಲ. ಹೊಟ್ಟೆ ಉಬ್ಬಿಸಿಕೊಂಡು ಬಾಗಿಲ ಬಳಿ ನರಳುತ್ತದೆ. ಎದೆಪಟ್ಟಿಗಾಗಿ ಆಕೆ ಊರೆಲ್ಲ ಅಲೆದಿದ್ದರು. ಸಿಕ್ಕಿದ್ದು ಕರುವಿಗೂ ದೊಡ್ಡದಾಗುವಂಥದ್ದು.

ಮುದ್ದಯ್ಯನಿಗೆ ಎರಡು ವರ್ಷದಲ್ಲಿ ಮೊದಲ ಸಲ ತನ್ನ ಯೋಗ್ಯತೆಗೆ ತಕ್ಕ ಕೆಲಸ ಬಂದಂತಾಯಿತು. ಅದನ್ನು ತೋರಿಸಿಕೊಳ್ಳದೆ, ಹಳೆಯ ಬೆಲ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದನ್ನು ಮಾರಿದವನನ್ನು ಇದರಲ್ಲೇ ಕಟ್ಟಬೇಕು ಎಂದ. ಟೇಪು ತೆಗೆಯಲಿಲ್ಲ. ಫಾರಂನಲ್ಲಿ ಟೇಪು ಹಿಡಿಯುವವರನ್ನು ಕಂಡರೆ ನಗುತ್ತಿದ್ದರಂತೆ. ಪಟ್ಟಿಯನ್ನು ಮೈಮೇಲೆ ಸುತ್ತಿ, ಕೆಳಗೆ ಎರಡು ಬೆರಳು ತೂರಿಸಿ ನೋಡುವುದು ಅಲ್ಲಿಯ ಪದ್ಧತಿ. ಬೆರಳು ಆಡಿದರೆ ಸರಿ. ಕುದುರೆಯ ಕೂದಲು ಮೈಗೆ ಅಂಟಿಕೊಂಡಿರುತ್ತದೆ. ಪಮೇರಿಯನ್ನಿನ ಕೂದಲಲ್ಲಿ ಬೆರಳು ಇಳಿಸಿದಷ್ಟೂ ಇಳಿಯುತ್ತದೆ. ಮೂವತ್ತೊಂದು ವರ್ಷದ ಅನುಭವಸ್ಥ ಅದೇ ಎರಡು ಬೆರಳನ್ನು ಪಿಂಕಿಯ ಕೂದಲಿಗೆ ತೂರಿಸಿ ಅಳತೆ ಮುಗಿಸಿದ. ಮೈ ಎಲ್ಲಿದೆಯೆಂದು ಹುಡುಕುವ ಗೋಜಿಗೆ ಹೋಗಲಿಲ್ಲ.

ಹೊಂಬಾಳಮ್ಮ ಮೇಷ್ಟ್ರ ಕೆಲಸ ಮಾಡಿದವರು, ಸುಮ್ಮನಿರುವ ಪೈಕಿಯಲ್ಲ.

“ಇದು ಹೆದರಿದ್ರೆ ಮುಂದಕ್ಕೆ ಓಡಲ್ಲ ಮುದ್ದಯ್ಯನೋರೆ, ಹಿಂದ್ಹಿಂದಕ್ಕೆ ಹೋಗುತ್ತೆ. ಒಂದ್ಸಲ ನಡ್ಸಿ ತೋರಿಸ್ತೀನಿ, ನೋಡಿ” ಎಂದರು.

“ನಾಯಿ ನಡೆಯೋದ್ರಲ್ಲಿ ನೋಡಕ್ಕೆ ಏನೈತೆ ಅಮ್ಮಾವ್ರೆ? ಹಿಂದಿನ ಕಾಲಲ್ಲಿ ಎದ್ದು ನಿಲ್ಲೋ ಕುದುರೆಗೇ ಪಟ್ಟಿ ಕಟ್ಟಿದೋನು ನಾನು. ನಾಳಿದ್ದು ಬನ್ನಿ.”

ಅವನು ಕಟ್ಟಿದ್ದೆಲ್ಲ ಮುಂದಕ್ಕೆ ನುಗ್ಗುವ ಪ್ರಾಣಿಗಳಿಗೆ. ಹಿಂದಕ್ಕೆ ಸರಿಯುವ ಪ್ರಾಣಿಯೂ ಇರಬಹುದೆಂಬುದು ಅವನ ತಲೆಗೆ ಹೊಳೆಯಲಿಲ್ಲ. ಅದನ್ನು ಒಬ್ಬ ಹೆಂಗಸು, ಅದೂ ಕಾಗುಣಿತದ ಟೀಚರಮ್ಮ, ತನಗೆ ಹೇಳಿಕೊಡುವುದೇ ಎಂದು ರಾತ್ರಿ ಊಟಕ್ಕೆ ಕೂತಾಗ ರೇವಮ್ಮನ ಮುಂದೆ ನಕ್ಕ. ಸಾಕಿದವರಿಗೆ ಗೊತ್ತಿರುತ್ತದೆ, ಒಂದು ಸಲ ನೋಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ರೇವಮ್ಮ ಕೇಳಿದ್ದಕ್ಕೆ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ತಟ್ಟೆ ದೂಡಿದ.

ಎದೆಪಟ್ಟಿ ನೋಡಲು ಚೆಂದವಾಗಿತ್ತು, ಅದನ್ನು ಒಪ್ಪಬೇಕು. ಮೆತ್ತನೆಯ ಚರ್ಮ, ಮೇಣ ಹಚ್ಚಿದ ದಾರ, ಹಿತ್ತಾಳೆ ಬಕಲ್ಲು. ಎದೆಗೆ ಅಡ್ಡಲಾಗಿ ಒಂದು ಪಟ್ಟಿ, ಮುಂಗಾಲ ಹಿಂದೆ ಮೈ ಸುತ್ತಿ ಇನ್ನೊಂದು. ಥೇಟ್ ಕುದುರೆಯದೇ, ಬೊಂಬೆಯಾಟಕ್ಕೆ ಮಾಡಿದಷ್ಟು ಸಣ್ಣದು. ಪಟ್ಟಿ ಹಾಕಿದ ಮೇಲೆ ಪಿಂಕಿ ಕೆಮ್ಮಲಿಲ್ಲ. ಹೊಂಬಾಳಮ್ಮನ ಕಣ್ಣಲ್ಲಿ ನೀರಾಡಿತು. ಡಾಕ್ಟರ ಹತ್ತಿರ ಹೋಗಿ ಮುದ್ದಯ್ಯನ ಹೆಸರು ಹೇಳಿ ಬಂದರು. ಇಂಥ ನಾಯಿ ಬಂದರೆ ಅವನಲ್ಲಿಗೇ ಕಳಿಸುತ್ತೇನೆಂದು ಡಾಕ್ಟರು ಒಪ್ಪಿದರು. ಅದನ್ನು ಕೇಳಿ ಮುದ್ದಯ್ಯ ಮಾರನೆಯ ದಿನವೇ ಬೋರ್ಡಿನಲ್ಲಿ ‘ನಾಯಿ ಎದೆಪಟ್ಟಿ’ ಎಂದು ಸೇರಿಸಿಬಿಟ್ಟ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ.

ಅವನ ಮೆರೆದಾಟ ನಡೆದದ್ದು ಒಂಬತ್ತು ದಿನ. ಹತ್ತನೆಯ ದಿನ ಬೆಳಿಗ್ಗೆ ಆರೂವರೆಗೆ, ಸಣ್ಣಗೆ ಹನಿಯುತ್ತಿದ್ದಾಗ, ಹೊಂಬಾಳಮ್ಮ ಪಿಂಕಿಯೊಂದಿಗೆ ರೈಲ್ವೆ ಗೇಟಿನವರೆಗೆ ಹೋಗಿದ್ದರು. ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಹಾರ್ನು ಹಾಕಿತು. ಪಿಂಕಿ ಆಕೆ ಹೇಳಿದ್ದ ಹಾಗೆಯೇ ನಾಲ್ಕು ಕಾಲನ್ನೂ ನೆಲಕ್ಕೂರಿ ಹಿಂದಕ್ಕೆ ಜಗ್ಗಿತು. ನೆನೆದು ಕೂದಲು ಮೈಗಂಟಿದ್ದರಿಂದ ಪಟ್ಟಿ ಸಡಿಲವಾಗಿ, ಮುಂಗಾಲು ದಾಟಿ, ತಲೆಯ ಮೇಲಿಂದ ಸಲೀಸಾಗಿ ಕಳಚಿಕೊಂಡಿತು. ಬೆದರಿ ದಿಕ್ಕು ತಪ್ಪಿದ ನಾಯಿ ಗೇಟಿನಡಿ ನುಸುಳಿ ಹಳಿಯ ಕಡೆಗೇ ಓಡಿತು. ಗಾಡಿ ಬಂತು. ನಲವತ್ತಕ್ಕೂ ಮೇಲೆ ಡಬ್ಬಿಗಳು. ಅಷ್ಟೂ ದಾಟುವವರೆಗೆ ಆಕೆ ಹಿತ್ತಾಳೆ ಬಕಲ್ಲಿನ ಖಾಲಿ ಪಟ್ಟಿಯನ್ನು ಹಿಡಿದು, ನಾಯಿ ಆಚೆ ಬದಿಗೆ ಹೋಯಿತೋ ಅಡಿಗೆ ಹೋಯಿತೋ ತಿಳಿಯದೆ ನಿಂತಿದ್ದರು. ಗೇಟು ಎತ್ತಿದ ಮೇಲೆ, ಅರ್ಧ ಗಂಟೆ ಹುಡುಕಿದ ನಂತರ, ಆಚೆಯ ಹೋಟೆಲಿನ ಸೌದೆ ರಾಶಿಯ ಸಂದಿಯಲ್ಲಿ ಪಿಂಕಿ ನಡುಗುತ್ತಾ ಸಿಕ್ಕಿತು.

ಸುದ್ದಿ ಮುದ್ದಯ್ಯನಿಗೆ ಹಾಲಿನವನ ಬಾಯಿಂದ ಗೊತ್ತಾಯಿತು. ಅವನ ಬಾಯಿಗೆ ಮೊದಲು ಬಂದ ಮಾತು, ಆಯಮ್ಮನಿಗೆ ಬಕಲ್ಲು ಹಾಕಲು ಬರುವುದಿಲ್ಲ ಎಂಬುದು. ಮಧ್ಯಾಹ್ನದವರೆಗೆ ಬಂದ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿದ. ಆಕೆ ಜಗಳಕ್ಕೆ ಬರುತ್ತಾರೆಂದು ಏನೇನು ಉತ್ತರ ಕೊಡಬೇಕೋ ಎಲ್ಲ ಸಿದ್ಧ ಮಾಡಿಟ್ಟುಕೊಂಡ. ಒಂದು ವಾರ ಆಕೆ ಬರಲೇ ಇಲ್ಲ.

ಬಂದಾಗ ಅಂಗಡಿಯ ಮುಂದೆ ಶಾಂತಲಾ ಎಂಬ ಹೆಂಗಸು ತನ್ನ ಪುಟ್ಟ ಕಂದು ನಾಯಿಯನ್ನು ಎತ್ತಿಕೊಂಡು ನಿಂತಿದ್ದಳು. ಡಾಕ್ಟರು ಕಳಿಸಿದ ಮೊದಲ ಗಿರಾಕಿ. ಮುದ್ದಯ್ಯ ಆಗಷ್ಟೇ ಕುದುರೆ ಫಾರಂನ ಕಥೆ ಶುರುಮಾಡಿದ್ದ. ಹೊಂಬಾಳಮ್ಮ ಜಗಳವಾಡಲಿಲ್ಲ. ಪಿಂಕಿಯನ್ನು ಅಂಗಡಿಯ ಮುಂದಿನ ಕಲ್ಲಿನ ಮೇಲೆ ನಿಲ್ಲಿಸಿ, ಚೀಲದಿಂದ ಒಂದು ಬಟ್ಟೆಯ ಅಂಗಿ ತೆಗೆದು ತೊಡಿಸಿದರು. ಹಳೆಯ ಪರದೆಯ ದಪ್ಪ ಬಟ್ಟೆ, ಹೊಲಿಗೆ ಸೊಟ್ಟಂಬಟ್ಟ. ಆದರೆ ಪಕ್ಕೆಲುಬು ಮುಗಿಯುವ ತನಕ ಮೈಯನ್ನು ಅವುಚಿ, ಬೆನ್ನ ಮೇಲೆ ಎರಡು ಸಾಲು ಗುಂಡಿಯಿಂದ ಕೂಡಿಕೊಳ್ಳುತ್ತಿತ್ತು.

“ನೀರು ಹಾಕಿ ನೆನೆಸಿ ಅಳತೆ ತಗೊಂಡೆ. ಮುಂದ್ಗಡೆಯಿಂದ ಎಳ್ದು ಎಳ್ದು ನೋಡಿದೀನಿ. ನೀವು ಹೊಲಿಗೆ ನೋಡ್ಬೇಡಿ, ಬೆನ್ನಿಗೆ ಒಂದು ರಿಂಗ್ ಹಾಕ್ಕೊಡಿ, ಸಾಕು.”

ಮುದ್ದಯ್ಯ ಹೊಲಿಗೆಯನ್ನೇ ನೋಡಿದ. ತಪ್ಪು ಹುಡುಕುವುದರಲ್ಲಿ ಅವನನ್ನು ಮೀರಿಸುವವರು ಜಿಲ್ಲೆಯಲ್ಲಿರಲಿಲ್ಲ. ಅಂಗಿಯ ಬೆನ್ನಿನ ಗುಂಡಿ ಸಂದಿಗೆ ಒಂದು ಚರ್ಮದ ಎಳೆ ಸಿಕ್ಕಿಸಿ, ಪಿಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತನ್ನತ್ತ ಎಳೆದ. ನಾಯಿ ಹಿಂದಕ್ಕೆ ಜಗ್ಗಿತು. ಜೋರಾಗಿ ಎಳೆದ. ಮತ್ತೂ ಜಗ್ಗಿತು, ಅಂಗಿ ಒಂದು ಬೆರಳಿನಷ್ಟೂ ಜರುಗಲಿಲ್ಲ, ನಾಯಿ ಕೆಮ್ಮಲೂ ಇಲ್ಲ. ಅವನಿಗೆ ನಾಚಿಕೆಯಾಯಿತು. ಮೂವತ್ತೊಂದು ವರ್ಷದಲ್ಲಿ ಆಗದಷ್ಟು ಆಯಿತು. ಕೂತು ರಿಂಗು ಹೊಲಿದ, ಎರಡೆರಡು ಸಲ ದಾರ ಹಾಯಿಸಿ.

ಶಾಂತಲಾ ಎಲ್ಲವನ್ನೂ ನೋಡುತ್ತಿದ್ದಳು. ಡಾಕ್ಟರು ಹೇಳಿದ್ದು ಇದನ್ನೇ ಇರಬೇಕೆಂದು ಅವಳ ಲೆಕ್ಕ. ನೀವು ಮಾಡಿದ್ದು ಇದೇ ಅಲ್ಲವೇ, ನಮ್ಮದಕ್ಕೂ ಇಂಥದ್ದೇ ಮಾಡಿಕೊಡಿ ಎಂದಳು. ಮುದ್ದಯ್ಯ ಸುಮ್ಮನೆ ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವನು ದಬ್ಬಳವನ್ನು ಮೇಣಕ್ಕೆ ಚುಚ್ಚಿಟ್ಟ.

“ಇದು ಅಮ್ಮಾವ್ರು ಹೊಲ್ದಿದ್ದು” ಎಂದ. “ನಾನ್ ಹೊಲ್ದಿದ್ದು ಗೇಟ್ ಹತ್ರ ಕಳಚ್ಕೊಂತು. ಬಕಲ್ ಹಾಕೋದ್ರಲ್ಲಿ ಅವ್ರದೇನೂ ತಪ್ಪಿರ್ಲಿಲ್ಲ.”

ಶಾಂತಲಾ ತನ್ನ ನಾಯಿಯನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು, ಹೊಂಬಾಳಮ್ಮನತ್ತ ತಿರುಗಿ, ನಿಮ್ಮ ಮನೆ ಯಾವ ಕ್ರಾಸಿನಲ್ಲಿದೆಯೆಂದು ಕೇಳಿದಳು.