ಪುರುಸೊತ್ತಿಲ್ಲದ ಟೈಲರ್

ಗುಬ್ಬಿ ಬಸ್ ಸ್ಟ್ಯಾಂಡ್ ಹಿಂದಿನ ಟೈಲರ್ ಗಫಾರ್ ಸಾಬರಿಗೆ ಪುರುಸೊತ್ತೆಂಬುದೇ ಇರಲಿಲ್ಲ. ಬಟ್ಟೆ ಕೇಳಲು ಯಾರೇ ಬರಲಿ, "ಕಾಜಾ ಒಂದೇ ಬಾಕಿ, ಶುಕ್ರವಾರ ಬನ್ನಿ" ಅನ್ನುತ್ತಿದ್ದರು. ಯಾವ ಶುಕ್ರವಾರ ಅಂತ ಮಾತ್ರ ಬಾಯಿಬಿಡುತ್ತಿರಲಿಲ್ಲ. ೨೦೦೨ರಲ್ಲಿ ಎದುರಿಗೇ ರೆಡಿಮೇಡ್ ಅಂಗಡಿ ಬಂದು ಗಿರಾಕಿಗಳು ಕರಗಿದರೂ ಸಾಬರ ಠೀವಿ ಕರಗಲಿಲ್ಲ. ಮಧ್ಯಾಹ್ನಕ್ಕೇ ಮುಗಿದ ಒಂಟಿ ಷರಟನ್ನೂ ಶುಕ್ರವಾರದವರೆಗೆ ಕೊಡುತ್ತಿರಲಿಲ್ಲ. ಕೆಲಸವಿಲ್ಲದ ಟೈಲರನ್ನು ಯಾರು ನಂಬುತ್ತಾರೆ? ಅಂಗಡಿಯ ಹಗ್ಗ ಖಾಲಿ ಕಾಣಬಾರದೆಂದು ಮನೆಮಂದಿಯ ಬಟ್ಟೆಯನ್ನೇ ಅದರ ತುಂಬ ನೇತುಹಾಕಿದರು. "ನಿಮ್ಮ ಪ್ಯಾಂಟಿಗಾದ್ರೂ ಕೆಲಸ ಸಿಕ್ತಲ್ಲ, ನೀವು ಲುಂಗೀಲೇ ಇರಿ" ಅಂತ ಹೆಂಡತಿ ಕುಲ್ಸುಂ ಬೀ ಛೇಡಿಸಿದರೂ ತೆಗೆಯಲಿಲ್ಲ. ಶಾಲೆ ಶುರುವಾದ ವಾರ, ಎಂಬತ್ತು ಮಕ್ಕಳಿಗೆ ಯೂನಿಫಾರ್ಮ್ ಹೊಲಿಸಲು ನಿಟ್ಟೂರು ಕಡೆಯ ಮೇಷ್ಟ್ರೊಬ್ಬರು ಬಂದರು. ಹಗ್ಗ ನೋಡಿ, "ಅಯ್ಯೋ, ನಿಮಗೇ ಕೈತುಂಬ ಕೆಲಸ. ತುಮಕೂರಲ್ಲಿ ಕೊಡ್ತೀನಿ ಬಿಡಿ" ಎನ್ನುತ್ತಾ ಮೆಟ್ಟಿಲಿಳಿದೇಬಿಟ್ಟರು. ಸಾಬರು ಲುಂಗಿ ಎತ್ತಿ ಕಟ್ಟಿ ರಸ್ತೆಗೇ ಓಡಿದರು: "ಮೇಷ್ಟ್ರೇ, ನಿಂತ್ಕೊಳ್ಳಿ! ಅದೆಲ್ಲ ನಮ್ಮನೆ ಬಟ್ಟೆ. ಎರಡು ವಾರದಿಂದ ಮಿಷನ್ನೇ ತುಳಿದಿಲ್ಲ!" ಮೇಷ್ಟ್ರು ನಕ್ಕುಬಿಟ್ಟರು. "ಮೊದಲೇ ಹೇಳಬಾರದೇನ್ರೀ? ಅಳತೆಗೆ ನಾಳೆ ಸ್ಕೂಲಿಗೆ ಬರ್ತೀರಾ?" "ನಾಳೆ ಯಾಕೆ ಸಾರ್?" ಎಂದ ಸಾಬರು, ಅಂಗಡಿ ಬಾಗಿಲು ಹಾಕುವುದನ್ನೂ ಮರೆತು, ಟೇಪನ್ನು ಕೊರಳಿಗೆ ಹಾಕಿಕೊಂಡು ಮೇಷ್ಟ್ರ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು.