ಕಿನುಯೊ ಅಕ್ಕ ಇಳಿಸಿದ ಪರದೆ

ಎಂಟೇ ಕುರ್ಚಿಗಳ ಊಟದಂಗಡಿ ನಡೆಸುವ ಕಿನುಯೊ ಅಕ್ಕನಿಗೆ ಅಹಂಕಾರ ಎಂದು ನಮ್ಮ ಅಮಗಾಸಾಕಿ ಊರಿನ ಅಂಗಡಿ ಬೀದಿಯಲ್ಲಿ ಅರ್ಧ ಜನ ಹೇಳುತ್ತಾರೆ. ಉಳಿದರ್ಧ ಜನ ಅವಳು ಹುದುಗಿಸಿದ ಸೋಯಾ ಕಾಳಿನ ಮಿಸೊ ಹಾಕಿ ಬೇಯಿಸಿದ ಬಂಗಡೆ ತಿಂದು ಬಾಯಿ ಮುಚ್ಚಿಕೊಂಡಿರುತ್ತಾರೆ. ನಾನು ಎರಡನೆಯ ಗುಂಪಿನವನು. ಎದುರು ಸಾಲಿನಲ್ಲಿ ತತಾಮಿ ಚಾಪೆ ಹೊಲಿಯುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಮಧ್ಯಾಹ್ನದ ಊಟ ಅಲ್ಲೇ. ಅವಳಿಗೆ ಅಹಂಕಾರ ಇರುವುದು ನಿಜ. ಎಪ್ಪತ್ತೊಂದು ವರ್ಷ ಬದುಕಿದ ಮೇಲೆ ಅಷ್ಟೂ ಇರದಿದ್ದರೆ ಹೇಗೆ?

ಅವಳ ಬಾಗಿಲಿಗೆ ಕಡುನೀಲಿ ಪರದೆಯೊಂದು ತೂಗುತ್ತಿತ್ತು. ಅವಳ ಗಂಡ ಇಪ್ಪತ್ತು ವರ್ಷ ಗುರುವಿನ ಅಡುಗೆಮನೆಯಲ್ಲಿ ಬೆವರು ಸುರಿಸಿದ ಮೇಲೆ ಗುರುವೇ ತನ್ನ ಅಂಗಡಿಯ ಹೆಸರು ಬರೆಸಿ ಕೊಟ್ಟ ಪರದೆ ಅದು. ನಮ್ಮಲ್ಲಿ ಅದು ಬರೀ ಬಟ್ಟೆಯಲ್ಲ, ಅಂಗಡಿಯ ಮಾನ. ಹೊರಗೆ ತೂಗಿದರೆ ಅಂಗಡಿ ತೆರೆದಿದೆ, ಒಳಗೆ ಹೋದರೆ ಮುಚ್ಚಿದೆ. ಬಾಗಿಲು ತಟ್ಟಿ ಕೇಳುವ ಪದ್ಧತಿಯೇ ಇಲ್ಲ. ಗಂಡ ತೀರಿಕೊಂಡಾಗ ಒಂದು ವಾರ ಪರದೆ ಒಳಗಿತ್ತು. ಎಂಟನೆಯ ದಿನ ಅದಕ್ಕೆ ಇಸ್ತ್ರಿ ಮಾಡಿ ಹೊರಗೆ ಹಾಕಿ, ಅವಳೇ ಒಲೆಯ ಮುಂದೆ ನಿಂತಳು.

ಅಲ್ಲಿ ಮೂಲೆಯ ಕುರ್ಚಿ ಇನುಯಿಯವರದು. ನಲವತ್ತು ವರ್ಷ ಬೀದಿಯ ಸ್ನಾನಗೃಹದ ಒಲೆಗೆ ಸೌದೆ ಒಟ್ಟಿದ ಮನುಷ್ಯ. ಲಕ್ವ ಹೊಡೆದ ಮೇಲೆ ಕೈ ನಡುಗುತ್ತದೆ. ಸಾರಿನ ಬಟ್ಟಲನ್ನು ಎತ್ತಿ ಬಾಯಿಗೆ ತರುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ ಚೆಲ್ಲುತ್ತದೆ. ಬಟ್ಟಲನ್ನು ಮೇಜಿನ ಮೇಲೆಯೇ ಬಿಟ್ಟು ಬಗ್ಗಿ ಕುಡಿಯಬಹುದಿತ್ತು. ಆದರೆ ಬಟ್ಟಲಿಗೆ ಬಗ್ಗುವುದು ನಾಯಿ ಎಂದು ನಮ್ಮ ತಾಯಂದಿರು ಬೆನ್ನಿಗೆ ಗುದ್ದಿ ಕಲಿಸಿದ್ದಾರೆ. ಇನುಯಿ ಬಗ್ಗುವುದಿಲ್ಲ. ಚಮಚ ಕೊಟ್ಟರೆ ಮುಖ ತಿರುಗಿಸುತ್ತಾರೆ. ಕಿನುಯೊ ಮೇಜು ಒರೆಸಿ ಮತ್ತೆ ತುಂಬಿಸುತ್ತಿದ್ದಳು. ನಾವು ಯಾರೂ ಆ ಕಡೆ ನೋಡುತ್ತಿರಲಿಲ್ಲ. ಒಂಟಿ ಜೀವ, ದಿನಕ್ಕೊಮ್ಮೆ ಬಿಸಿಬಿಸಿಯಾಗಿ ಉಣ್ಣುವುದೆಂದರೆ ಅವರಿಗೆ ಅದೊಂದೇ.

ಹೋದ ಚಳಿಗಾಲ ಬೀದಿಯ ವ್ಯಾಪಾರಿ ಸಂಘದ ಅಧ್ಯಕ್ಷ ಹತಾನಾಕ, ಬೀದಿ ಉದ್ಧಾರವಾಗಲೆಂದು, ಕಿನುಯೊ ಅಕ್ಕನನ್ನು ಒಂದು ಮಾತೂ ಕೇಳದೆ ಅವಳ ಅಂಗಡಿಗೆ ಟೀವಿಯವರನ್ನು ಕರೆತಂದ. ಆಮೇಲೆ ಕೇಳಬೇಕೆ? ಹತ್ತೂವರೆಗೇ ಬಾಗಿಲ ಮುಂದೆ ಪರವೂರಿನವರ ಸಾಲು. ಒಂದು ದಿನ ಪಕ್ಕದಲ್ಲಿ ಕೂತ ಹೆಂಗಸೊಬ್ಬಳು, ಸಾರು ಚೆಲ್ಲಿಕೊಂಡ ಇನುಯಿಯವರನ್ನು ಮೊಬೈಲಿನಲ್ಲಿ ಹಿಡಿದು ಗೆಳತಿಗೆ ತೋರಿಸಿ ನಕ್ಕಳು. ಇನುಯಿ ಬಟ್ಟಲು ಕೆಳಗಿಟ್ಟು ಎದ್ದುಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಿನುಯೊ ಮನೆಗೆ ಕಳಿಸಿದ ಊಟದ ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸು ಕಳಿಸಿದರು. ಆ ಹೆಂಗಸಿನ ಕೈಯಿಂದ ಮೊಬೈಲು ಕಿತ್ತುಕೊಳ್ಳದೆ ಸುಮ್ಮನೆ ಕೂತಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಪರದೆ ಹೊರಗೆ ಬರಲೇ ಇಲ್ಲ. ಸಾಲಿನವರು ಬಂದರು, ಬೋಳು ಬಾಗಿಲು ನೋಡಿದರು, ಗೊಣಗಿಕೊಂಡು ಹೋದರು. ಅಕ್ಕನಿಗೆ ಹುಷಾರಿಲ್ಲವೇನೋ ಎಂದು ನಾನು ಬೀದಿ ದಾಟಿದೆ. ಒಳಗಿಂದ ಬಂಗಡೆಯ ವಾಸನೆ. ಆದರೂ ಪರದೆಯಿಲ್ಲದ ಬಾಗಿಲು ತಟ್ಟಲು ಕೈ ಬರಲಿಲ್ಲ. ತಿರುಗಿ ಹೊರಟಾಗ ಬಾಗಿಲು ಸರಿಯಿತು.

“ಯಾಕೋ, ಇಷ್ಟು ವರ್ಷ ನೀನು ಮೀನು ತಿಂತಿದ್ಯೋ, ಪರದೆ ತಿಂತಿದ್ಯೋ?” ಎಂದಳು ಕಿನುಯೊ. “ಹೋಗಿ ಇನುಯಿನ ಕರ್ಕೊಂಡು ಬಾ. ಬರಲ್ಲ ಅಂದ್ರೆ, ಸಾರಿಗೆ ಬಗ್ಗದೆ ಇರೋನು ಒಂದು ಮೊಬೈಲಿಗೆ ಬಗ್ಗಿಬಿಟ್ನಾ ಅಂತ ನಾನು ಕೇಳ್ದೆ ಅನ್ನು.”

ಹಾಗೆಯೇ ಹೇಳಿದೆ. ಇನುಯಿ ನನಗೂ ಅವಳಿಗೂ ಸೇರಿಸಿ ಬೈದರು. ಬೈಯುತ್ತಲೇ ಕೋಟು ಹಾಕಿಕೊಂಡರು.

ನಾವು ಒಳಗೆ ಹೋದಾಗ ಕ್ಷೌರಿಕ, ತರಕಾರಿ ಅಂಗಡಿಯವಳು, ಇನ್ನುಳಿದ ವಾಡಿಕೆಯವರೆಲ್ಲ ಕೂತಿದ್ದರು. ಅವಳು ಒಬ್ಬೊಬ್ಬರನ್ನೂ ಹೀಗೆಯೇ ಕರೆಸಿದ್ದಳು. ಪ್ರತಿಯೊಬ್ಬರ ಕೊರಳಿನಿಂದ ಎದೆಯ ಮೇಲೆ ಒಂದು ನೀಲಿ ಬಟ್ಟೆ ಇಳಿದಿತ್ತು. ಹೊಲಿಯುವವನು ನಾನು, ನನಗೆ ಆ ಬಟ್ಟೆಯ ಗುರುತು ಹತ್ತದಿರುತ್ತದೆಯೆ? ನಾಲ್ಕು ಪಟ್ಟಿಯ ಪರದೆಯ ಹೊಲಿಗೆ ಬಿಚ್ಚಿ, ಒಂದೊಂದನ್ನೂ ಎರಡು ಮಾಡಿ, ಅಂಚು ಮಡಿಸಿ, ದಾರ ಹಚ್ಚಿದ್ದಳು. ಗುರು ಕೊಟ್ಟ ಹೆಸರನ್ನು ಕತ್ತರಿಸಿಬಿಟ್ಟಿದ್ದಾಳೆ! ಕೊರಳಿಂದ ಕೊರಳಿಗೆ ಆ ಹೆಸರಿನ ತುಂಡುಗಳನ್ನು ಕೂಡಿಸಿ ಓದಿದೆ. ಆಮೇಲೆ ನನ್ನ ಪಾಲಿನದನ್ನು ತೆಗೆದುಕೊಂಡು ಕಟ್ಟಿಕೊಂಡೆ.

ಇಲ್ಲಿ ಉಣ್ಣುವವರೆಲ್ಲ ಇನ್ನುಮೇಲೆ ಇದನ್ನು ಕಟ್ಟಿಕೊಳ್ಳಬೇಕು, ಇದು ಅಂಗಡಿಯ ನಿಯಮ ಎಂದು ಅವಳು ಒಲೆಯ ಕಡೆಯಿಂದಲೇ ಹೇಳಿದಳು. ಇನುಯಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ನಡುಗುವ ಕೈಯಲ್ಲಿ ಗಂಟು ಹಾಕಿಕೊಳ್ಳಲು ತುಂಬ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ.

ಅಷ್ಟರಲ್ಲಿ ಸುದ್ದಿ ಮುಟ್ಟಿ ಹತಾನಾಕ ಧಡಾರನೆ ಬಾಗಿಲು ಸರಿಸಿದ. ಪರವೂರಿನವರಿಗೆ ಹಂಚುವ ಸಂಘದ ಬೀದಿ ನಕ್ಷೆಯಲ್ಲಿ ಇದೇ ಪರದೆಯ ಚಿತ್ರ ಹಾಕಿಸಿದ್ದಾನಂತೆ, ದೂರದಿಂದ ಬಂದವರು ತಿರುಗಿ ಹೋಗುತ್ತಿದ್ದಾರಂತೆ, ಹೀಗೇ ಆದರೆ ಅಂಗಡಿಯ ಹೆಸರು ನಕ್ಷೆಯಲ್ಲಿ ಉಳಿಯುವುದಿಲ್ಲವಂತೆ.

“ಪರದೆ ಎಲ್ಲಿ?” ಎಂದ.

“ಕಣ್ಣು ಬಿಟ್ಟು ನೋಡಿ ಅಧ್ಯಕ್ಷರೇ, ಎಂಟು ಜನರ ಎದೆ ಮೇಲಿದೆ,” ಎಂದಳು ಕಿನುಯೊ. “ನಕ್ಷೆಯಿಂದ ಹೆಸರು ಧಾರಾಳವಾಗಿ ತೆಗೀರಿ. ಇವರಿಗೆ ದಾರಿ ಗೊತ್ತು. ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ, ಚಳಿ ಬರ್ತಿದೆ.”

ಅವನು ಇನ್ನೂ ಹೊಸ್ತಿಲಲ್ಲೇ ನಿಂತಿದ್ದಾಗ ಇನುಯಿ ಬೆನ್ನು ನೆಟ್ಟಗೆ ಮಾಡಿ ಬಟ್ಟಲು ಎತ್ತಿದರು. ಅರ್ಧ ಸಾರು ಎದೆಯ ಮೇಲೆ, ಗುರು ಬರೆಸಿದ್ದ ಅಕ್ಷರದ ಮೇಲೆ ಹರಿಯಿತು. ಉಳಿದರ್ಧವನ್ನು ಸದ್ದು ಮಾಡಿ ಕುಡಿದು, ಖಾಲಿ ಬಟ್ಟಲನ್ನು ಅಧ್ಯಕ್ಷನ ಕಣ್ಣೆದುರಿಗೇ ಮುಂದೆ ಚಾಚಿದರು.

“ಇನ್ನೊಂದು ಹಾಕು,” ಎಂದರು.